ಹವಾಮಾನದ ನಂಬರು

ಇಂಟರ್‌ವ್ಯೂ ಕೋಣೆಯ ಒಳಗಿನಿಂದ ಹೆಸರು ಕೂಗಿದ್ದೇ ತಡ, ಸಿರಿಯ ಜೊತೆಗೆ ವೀರಬಸಮ್ಮನೂ ಎದ್ದು ನಿಂತಳು. ಸೆರಗನ್ನು ಕೋಟಿನೊಳಗೆ ತುರುಕಿಕೊಂಡು, ಅಂಕಪಟ್ಟಿಗಳಿದ್ದ ಚೀಲವನ್ನು ಎದೆಗವಚಿಕೊಂಡು ಮಗಳ ಹಿಂದೆಯೇ ಹೊರಟಳು.

"ಮಮ್ಮೀ, ನೋ. ನೀನು ಬರೋ ಹಾಗಿಲ್ಲ," ಸಿರಿ ಪಿಸುಗುಟ್ಟಿದಳು.

"ಹಿರ್ಯಾರು ಇಲ್ಲದ ಯಾರರ ಸೀಟು ಕೊಡ್ತಾರೇನು? ಸುಮ್ನ ನಡಿ."

ಅವಳ ತಿಳಿವಳಿಕೆಯೂ ಸುಳ್ಳಲ್ಲ. ಅಕ್ಕನ ಮಗ ಅಮರೇಶ್ವರನ ಮೆಡಿಕಲ್ ಸೀಟಿನ ಕೌನ್ಸೆಲಿಂಗಿಗೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಇಡೀ ಮನೆಯೇ ರೈಲು ಹತ್ತಿತ್ತು. ಹುಡುಗ ಬಾಯಿ ಬಿಡುವ ಮೊದಲೇ ಅವನಪ್ಪ ಕಂಪ್ಯೂಟರಿನ ಪರದೆಗೆ ಬೆರಳು ಮಾಡಿ "ಇದ ಇರ್ಲಿ" ಎಂದು ಮುಗಿಸಿದ್ದ. ಅಲ್ಲಿ ಕಂಪ್ಯೂಟರು, ಇಲ್ಲಿ ಇಂಟರ್‌ವ್ಯೂ. ಮಿಕ್ಕಿದ್ದೆಲ್ಲ ಒಂದೇ ಎಂದು ವೀರಬಸಮ್ಮ ನಂಬಿದ್ದಳು.

ಒಳಗಿದ್ದ ಬಿಳಿಗೂದಲಿನ ಡಾಕ್ಟರಮ್ಮ ಹುಬ್ಬೇರಿಸಿದರೂ ಹೊರಗೆ ಹೋಗು ಎನ್ನಲಿಲ್ಲ. ಮೂಲೆಯ ಕುರ್ಚಿ ತೋರಿಸಿದರು. ಮಗಳ ಕಿವಿ ಮಾತ್ರ ಕೆಂಪಗಾಯಿತು.

ಈ ದೇಶದಲ್ಲಿ ಪಿಯುಸಿ ಮುಗಿಸಿ ನೆಟ್ಟಗೆ ಮೆಡಿಕಲ್ಲಿಗೆ ಹೋಗುವಂತಿಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಪರೀಕ್ಷೆ, ಆಮೇಲೆ ಸೀಟು, ಅದೂ ಸಿಕ್ಕರೆ. ಈ ಕಾಲೇಜಿನಲ್ಲಿ ಮಾತ್ರ ಎರಡನ್ನೂ ಸೇರಿಸಿ ಏಳು ವರ್ಷಕ್ಕೆ ಗಂಟು ಹಾಕಿದ್ದರು. ಈಗ ಒಳಗೆ ಕಾಲಿಟ್ಟರೆ ಡಾಕ್ಟರಾಗಿಯೇ ಹೊರಗೆ ಬರುವುದು. ಹಿಕ್ಸ್‌ವಿಲ್ಲಿನ ಮನೆಯಿಂದ ದಿನಾ ಓಡಾಡುವಷ್ಟು ಹತ್ತಿರ ಬೇರೆ. ಸಿರಿ ಇನ್ನೊಂದು ಕಾಲೇಜಿಗೂ ಅರ್ಜಿ ಹಾಕಿದ್ದಳು. ಅದು ಕೆನಡಾ ಗಡಿಯ ಹತ್ತಿರ, ಹಿಮ ಬೀಳುವ ಊರಿನಲ್ಲಿತ್ತು. ಬಯಾಲಜಿಯ ಜೊತೆ ಇತಿಹಾಸವನ್ನೋ ಮತ್ತೊಂದನ್ನೋ ಮನಸ್ಸು ಬಂದಂತೆ ಓದಬಹುದಿತ್ತು, ಮೆಡಿಕಲ್ ಸೀಟಿನ ಖಾತ್ರಿಯೊಂದು ಇರಲಿಲ್ಲ.

"ನಾಲ್ಕು ವರ್ಷ ಬೇರೆ ಕಡೆ ಓದಿ, ಆಮೇಲೆ ಮೆಡಿಕಲ್ಲಿಗೆ ಬರಬಹುದಲ್ಲ. ಇಷ್ಟು ಬೇಗ ಇಲ್ಲಿಗೇ ಯಾಕೆ?" ಎಂದು ಡಾಕ್ಟರಮ್ಮ ಕೇಳಿದರು.

ಸಿರಿ ಕಲಿತುಕೊಂಡು ಬಂದ ಉತ್ತರವನ್ನು ಶುರುಮಾಡಿ, ನಡುವೆ ನಿಲ್ಲಿಸಿಬಿಟ್ಟಳು. ಆಮೇಲೆ ಅಮ್ಮನಿಗೆ ತಿಳಿಯದೆಂದುಕೊಂಡು ವೇಗದ ಇಂಗ್ಲಿಷಿನಲ್ಲಿ ಹೇಳಿದಳು: "ಡಾಕ್ಟರಾಗಬೇಕು ಅನ್ನೋದು ನಿಜ. ಆದರೆ ನನಗೆ ಇಷ್ಟ ಇರೋದು ದೂರದ ಕಾಲೇಜು. ಅಪ್ಪ ವಾರವಿಡೀ ಬೇರೆ ಊರಲ್ಲಿ ಕೆಲಸ ಮಾಡ್ತಾರೆ. ಅಮ್ಮ ಡ್ರೈವ್ ಮಾಡಲ್ಲ, ಅವಳಿಗೆ ಇಲ್ಲಿ ಯಾರೂ ಇಲ್ಲ. ಇಡೀ ದಿನದಲ್ಲಿ ಅವಳು ಮಾತಾಡೋದು ನನ್ನ ಹತ್ತಿರ ಮಾತ್ರ. ನಾನೂ ಹೋದರೆ ಅವಳು ಏನು ಮಾಡ್ತಾಳೆ?"

ಮಧ್ಯಾಹ್ನದ ಟಿವಿ ಧಾರಾವಾಹಿಗಳಲ್ಲಿ ಅಳುವವರ, ಬೈದಾಡುವವರ, ಡೈವೋರ್ಸ್ ಕೊಡುವವರ ಇಂಗ್ಲಿಷೆಲ್ಲ ವೀರಬಸಮ್ಮನಿಗೆ ಎಂದೋ ಒಗ್ಗಿಹೋಗಿತ್ತು. ಆಡಲು ನಾಲಿಗೆ ಹೊರಳುತ್ತಿರಲಿಲ್ಲವೇ ಹೊರತು ತಿಳಿಯಲು ಅಡ್ಡಿಯೇನಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಡಾಕ್ಟರಮ್ಮ ತನ್ನ ಕಡೆ ನೋಡಿದಾಗ ಏನೂ ತಿಳಿಯದವಳಂತೆ ನಕ್ಕಳು.

"ಏನ್ ಕೇಳಿದ್ರವಾ?" ಎಂದಳು ವಾಪಸು ಬರುವಾಗ ಕಾರಿನಲ್ಲಿ.

"ಜನರಲ್ ಕ್ವೆಶ್ಚನ್ಸ್, ಮಮ್ಮಿ," ಎಂದಳು ಸಿರಿ, ರಸ್ತೆಯಿಂದ ಕಣ್ಣು ತೆಗೆಯದೆ.

ವೀರಬಸಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಹತ್ತಿರದ ಕಾಲೇಜೇ ಆಗಲೆಂದು ಸಿದ್ಧಾರೂಢ ಅಜ್ಜನಿಗೆ ಹರಕೆ ಹೊತ್ತವಳು ಅವಳೇ. ಮೆಡಿಕಲ್ ಎಂಬುದು ಮಂದಿಗೆ ಹೇಳುವ ನೆಪವಾಗಿತ್ತು. ಸಂಜೆಯಾದರೆ ಬಾಗಿಲಲ್ಲಿ ಮಗಳ ಬೂಟಿನ ಸಪ್ಪಳ ಕೇಳಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ತನ್ನ ಒಂಟಿತನವನ್ನು ಮಗಳು ಪರರ ಮುಂದೆ ಬಿಚ್ಚಿಟ್ಟಳೆಂದು ಅವಳಿಗೆ ನಾಚಿಕೆಯಾಯಿತು.

ಅಜ್ಜ ಹರಕೆ ಮರೆಯಲಿಲ್ಲ. ಏಪ್ರಿಲ್‌ನಲ್ಲಿ ಎರಡೂ ಕಾಲೇಜುಗಳಿಂದ ಕರೆ ಬಂತು. ವೈಟೂಕೆ ಎಂಬ ಕಂಪ್ಯೂಟರಿನ ಕೆಲಸ ಮುಗಿದ ಮೇಲೆ ಕಂಪನಿ ಕಳಿಸಿದ ಕಡೆಗೆಲ್ಲ ಹಾರುತ್ತಿದ್ದ ಗಂಡ ಶಶಿಧರ, ಡಲ್ಲಾಸಿನ ಹೋಟೆಲಿನಿಂದ ಫೋನ್ ಮಾಡಿ, "ಡಾಕ್ಟರ್ ಸಿರಿ ಅದಾರೇನ್ರಿ ಮನ್ಯಾಗ?" ಎಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಅವನದು ಎತ್ತಿದ ಕೈ. ಸಿರಿ ನಕ್ಕಳು, ಹತ್ತಿರದ್ದೇ ಸರಿ ಎಂದಳು. ದೂರದ ಕಾಲೇಜಿನವರು ಕಳಿಸಿದ್ದ ಚಿತ್ರಗಳ ಪುಸ್ತಕವನ್ನು ರದ್ದಿ ಪೇಪರಿನ ಅಡಿಗೆ ಸರಿಸಿದಳು. ಅದನ್ನು ವೀರಬಸಮ್ಮ ನೋಡಿದಳು.

"ಸಿರಿ, ನೀ ದೂರದ್ದಕ್ಕ ಹೋಗು," ಎಂದಳು ಮರುದಿನ. "ನಿಮ್ಮಪ್ಪಗ ನಾ ಹೇಳ್ತೀನಿ."

"ವೈ? ನೀನು ಒಬ್ಳೇ ಏನ್ ಮಾಡ್ತೀಯಾ?"

"ಒಬ್ಬಾಕಿ ಯಾಕಾಗ್ತೀನಿ? ಜೆರಿಕೋದ ಶೈಲಮ್ಮ ದಿನಾ ಫೋನ್ ಮಾಡ್ತಾಳ. ಮಾತಿಗೆ ಕುಂತ್ರ ಬಿಡೂದ ಇಲ್ಲ."

"ನಾನು ಯಾವತ್ತೂ ಕೇಳಿಲ್ಲ."

"ನೀ ಸಾಲಿಗೆ ಹೋಗಿರ್ತಿ. ಇನ್ಮ್ಯಾಲೆ ಸಂಜೀಕ ಮಾಡ ಅಂತೀನಿ, ಕೇಳೀಯಂತ."

ಶೈಲಮ್ಮ ಎಂಬಾಕೆ ಇದ್ದದ್ದು ನಿಜ. ಹಿಂದಿನ ವರ್ಷ ಕನ್ನಡ ಕೂಟದ ಯುಗಾದಿಯಲ್ಲಿ, ಒಂದು ಕಣ್ಣು ಹೋಳಿಗೆಯ ಸಾಲಿನ ಮೇಲಿಟ್ಟುಕೊಂಡು, "ಫೋನ್ ಮಾಡ್ರಿ, ಮರೀಬ್ಯಾಡ್ರಿ" ಎಂದು ನಂಬರು ಕೊಟ್ಟಿದ್ದಳು. ವೀರಬಸಮ್ಮ ಎರಡು ಸಲ ಮಾಡಿದ್ದಳು. ಎರಡು ಸಲವೂ ಮಷೀನೇ ಮಾತಾಡಿ, ನೀವೂ ಮಾತಾಡಿ ಎಂದಿತ್ತು. ಮಷೀನಿಗೆ ಏನು ಹೇಳಬೇಕೋ ತಿಳಿಯದೆ ಇಟ್ಟುಬಿಟ್ಟಿದ್ದಳು.

ಫ್ರಿಜ್ಜಿನ ಮೇಲೆ ಇನ್ನೊಂದು ನಂಬರಿತ್ತು. ಹಿಮ ಬೀಳುವ ದಿನ ಕೇಳಲೆಂದು ಶಶಿಧರ ಬರೆದು ಅಂಟಿಸಿದ್ದ ಹವಾಮಾನದ ನಂಬರು. ಅದಕ್ಕೆ ಮಾಡಿದರೆ ಯಾವನೋ ಒಬ್ಬ ಬಿಸಿಲು, ಗಾಳಿ, ಮೋಡ ಎಂದು ರೆಕಾರ್ಡಿನಲ್ಲಿ ಓದುತ್ತಾನೆ. ಸಂಜೆ ಸಿರಿ ಕೋಣೆಯಲ್ಲಿ ಓದುತ್ತ ಕೂತಾಗ ವೀರಬಸಮ್ಮ ಆ ನಂಬರು ಒತ್ತಿ, ಅಡುಗೆಮನೆಯಿಂದಲೇ ದನಿ ಎತ್ತರಿಸಿದಳು. "ಶೈಲಮ್ಮಾರ, ಆರಾಮೇನ್ರಿ? ಹೌದ್ರಿ! ನಾನೂ ಅದನ್ನ ಅಂದೆ ನೋಡ್ರಿ!" ನಾಳೆ ಮಧ್ಯಾಹ್ನದ ಮೇಲೆ ಮೋಡ ಎಂದ ಅವನು.

ಮೊದಮೊದಲು ಎರಡು ಮಾತಾಡಿ ಫೋನಿಡುತ್ತಿದ್ದಳು. ಆಮೇಲೆ ಅದೇ ರುಚಿ ಹತ್ತಿತು. ಹವಾಮಾನದವನ ಶೈಲಮ್ಮ ಹೋಳಿಗೆಯ ಸಾಲಿನ ಶೈಲಮ್ಮನಿಗಿಂತ ಎಷ್ಟೋ ಪಾಲು ಮೇಲಾಗಿದ್ದಳು. ಅವಳಿಗೆ ಮೊಣಕಾಲು ನೋಯುವ ಅತ್ತೆಯಿದ್ದಳು, ಮೂಗು ಮುರಿಯುವ ಸೊಸೆ ಬಂದಳು. ವೀರಬಸಮ್ಮ ಅವಳ ಅತ್ತೆಗೆ ಎಳ್ಳೆಣ್ಣೆ ಹೇಳಿದಳು, ಸೊಸೆಗೆ ಬುದ್ಧಿ ಹೇಳಿದಳು. ಒಮ್ಮೊಮ್ಮೆ ನಿಜವಾಗಿಯೂ ನಗು ಬರುತ್ತಿತ್ತು. ಫೋನಿಟ್ಟ ಮೇಲೆ ಮನೆ ಮೊದಲಿಗಿಂತಲೂ ಬಿಕೋ ಎನ್ನುತ್ತಿತ್ತು. ಸಿರಿ ಮಾತ್ರ ರದ್ದಿಯಿಂದ ಆ ಪುಸ್ತಕವನ್ನು ಮತ್ತೆ ಎತ್ತಿಕೊಂಡು ಹೋಗಿದ್ದಳು. ಇನ್ನೂ ಯಾವ ಕಾಲೇಜಿಗೂ ಒಪ್ಪಿಗೆ ಕಳಿಸಿರಲಿಲ್ಲ.

ಕಾಲೇಜಿಗೆ ಉತ್ತರ ಕೊಡಬೇಕಾದ ದಿನದ ಹಿಂದಿನ ಸಂಜೆ. ಒಲೆಯ ಮೇಲೆ ಕುಕ್ಕರಿಟ್ಟು, ಗೋಡೆಗೊರಗಿ, ವೀರಬಸಮ್ಮ ಶೈಲಮ್ಮನ ಸೊಸೆಯ ಸುದ್ದಿಯಲ್ಲಿದ್ದಳು. ಆಗ ಕಿವಿಯಲ್ಲಿ ಟಕ್ಕೆಂದಿತು. ಸಿರಿಯ ಕೋಣೆಯಲ್ಲಿದ್ದ, ಅದೇ ಲೈನಿನ ಇನ್ನೊಂದು ಫೋನು ಎತ್ತಿದ ಸಪ್ಪಳ. ಇಂಟರ್ನೆಟ್ ಹಚ್ಚಲು ಲೈನು ಖಾಲಿ ಇದೆಯೇ ಎಂದು ನೋಡಲು ಸಿರಿ ಹಾಗೆ ಎತ್ತುವುದಿತ್ತು.

ಈಗ ಹವಾಮಾನದವನ ದನಿ ಸಿರಿಗೂ ಕೇಳುತ್ತಿತ್ತು. ಪಶ್ಚಿಮದಿಂದ ಗಾಳಿ, ಮಳೆಯ ಸಂಭವ ಕಡಿಮೆ ಎಂದು ಅವನು ಓದುತ್ತಲೇ ಇದ್ದ. ಇಡಬೇಕೆಂದರೆ ಕೈ ಬರಲಿಲ್ಲ, ನಿಲ್ಲಿಸಬೇಕೆಂದರೆ ಬಾಯಿ ನಿಲ್ಲಲಿಲ್ಲ.

"ಹೂಂನ್ರಿ, ಶೈಲಮ್ಮಾರ... ಮಗಳು ದೂರ ಹೊಂಟಾಳ್ರಿ. ಹೋಗ್ಲಿ ಬಿಡ್ರಿ. ಓದೋ ಹುಡುಗೀನ ಮನ್ಯಾಗ ಕಟ್ಟಿ ಹಾಕಾಕ ಬರ್ತೈತೇನ್ರಿ? ನನಗೇನ್ ಆಗೇತ್ರಿ... ನೀವದೀರಿ..."

ಅಲ್ಲಿಗೆ ಅವಳ ಮಾತು ಮುಗಿಯಿತು. ಹವಾಮಾನದವನೂ ತನ್ನ ಪಾಠ ಮುಗಿಸಿ ಸುಮ್ಮನಾದ. ತಂತಿಯ ಆ ತುದಿಯಲ್ಲಿ ಉಸಿರಾಟ ಮಾತ್ರ ಕೇಳುತ್ತಿತ್ತು. ಹತ್ತಿರದ ಸ್ಟೇಷನ್ನಿಗೆ ರೈಲೊಂದು ಬಂದು, ನಿಂತು, ಹೋಯಿತು. ಮಗಳು ಫೋನಿಡಲಿಲ್ಲ.

"ಹೌದ್ರಿ, ವೀರಬಸಮ್ಮಾರ," ಎಂದಿತು ಕೊನೆಗೆ ಒಂದು ದನಿ. ಇಷ್ಟು ವರ್ಷ ಇಂಗ್ಲಿಷ್ ಬೆರೆಸಿಯೇ ಉತ್ತರ ಕೊಟ್ಟ ದನಿ ಅಮ್ಮನ ಊರಿನ ಮಾತನ್ನು ಒಂದೊಂದಾಗಿ ಹುಡುಕಿ ಜೋಡಿಸುತ್ತಿತ್ತು. "ಮಗಳು... ಹ್ವಾದ ಮ್ಯಾಲೆ... ನಾ ದಿನಾ ಇದ ಹೊತ್ತಿಗೆ ಫೋನ್ ಮಾಡ್ಲೇನ್ರಿ?"

ವೀರಬಸಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಫೋನಿನ ಸುರುಳಿ ತಂತಿ ಬೆರಳಿಗೆ ಸುತ್ತಿ ಸುತ್ತಿ ಬೆರಳು ಬೆಳ್ಳಗಾಗಿತ್ತು.

"ಮಾಡ್ರಿ," ಎಂದಳು. "ಮರೀಬ್ಯಾಡ್ರಿ."

ಕುಕ್ಕರ್ ಕೂಗಿತು. ಮತ್ತೊಮ್ಮೆ ಕೂಗಿತು. ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದರು.