ಬ್ಲೆಸ್ಸಿ ಮಾಡಿದ ಪದಸೂಚಿ

ಭಾನುವಾರದ ಆ ಮೇಜಿನಲ್ಲಿ ಅಶ್ವಿತ್ ಇದ್ದರೆ ಯಾರೂ ಪುಸ್ತಕ ತೆರೆಯುತ್ತಿರಲಿಲ್ಲ. "ಅಶ್ವಿತಾ, ಎತ್ತು ಕುಂಟಿದರೆ ಎಷ್ಟು ಹೇರು ಇಳಿಸಬೇಕು?" ಎಂದು ಕೇಳಿದರೆ ಸಾಕು, ಅವನು ಚಹಾದ ಲೋಟವನ್ನೂ ಕೆಳಗಿಡದೆ ಪುಟ, ಸಾಲು, ದಾಳದ ಲೆಕ್ಕ ಎಲ್ಲ ಹೇಳುತ್ತಿದ್ದ. ಕೇಳಿದವರು ಪುಟ ತಿರುಗಿಸಿ ನೋಡಿ ತಲೆಯಾಡಿಸುವಾಗ ಅವನಿಗಾಗುತ್ತಿದ್ದ ಸುಖ ಹೇಳತೀರದ್ದು.

ಪುತ್ತೂರು ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವನದೊಂದು ಡಿಟಿಪಿ ಅಂಗಡಿ. ವಾರವಿಡೀ ಮದುವೆ, ಗೃಹಪ್ರವೇಶ, ಯುವಕ ಮಂಡಲದ ವಾರ್ಷಿಕೋತ್ಸವಗಳ ಆಮಂತ್ರಣ ಪತ್ರಿಕೆ. ಭಾನುವಾರ ಮಾತ್ರ ಶಟರ್ ಅರ್ಧ ಇಳಿಸಿ ಒಳಗೆ ಆಟ. ಆಟದ ಹೆಸರು 'ಹೇರೆತ್ತು'. ಎತ್ತಿನ ಬೆನ್ನಿಗೆ ಉಪ್ಪು ಹೇರಿಕೊಂಡು ಘಟ್ಟ ಹತ್ತುತ್ತಿದ್ದ ಹಳೆಗಾಲದ ವ್ಯಾಪಾರಿಗಳ ಕಥೆ ಅದು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಲೆಗೊಂದು ಪಾತ್ರವಾಗುತ್ತಾರೆ. ಹುಲಿ ಅಡ್ಡ ಬಂದರೆ, ಹೊಳೆ ಏರಿದರೆ ಏನಾಯಿತೆಂದು ದಾಳ ಹೇಳುತ್ತದೆ. ದಾಳದ ಮಾತಿಗೆ ಅರ್ಥ ಹೇಳಲು ಒಂದು ದಪ್ಪ ನಿಯಮದ ಪುಸ್ತಕ. ಆ ಪುಸ್ತಕ ಬರೆದವರು ಅಶ್ವಿತ್ ಮತ್ತು ಸುಪ್ರಿತಾ.

ಸುಪ್ರಿತಾ ಸುಳ್ಯದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವಳು, ಮನೆ ಅಜ್ಜಾವರದಲ್ಲಿ. ಇಬ್ಬರೂ ಡಿಗ್ರಿಯಲ್ಲಿ ಒಂದೇ ಬೆಂಚಿನವರು. ಅವಳಿಗೆ ಮದುವೆಯಾಗಿ ಮಗು ಆದ ಮೇಲೂ ಸ್ನೇಹ ಹಾಗೆಯೇ ಇತ್ತು. ಸುಂಕದ ಕಟ್ಟೆ, ಉಪ್ಪಿನ ಧಾರಣೆ, ದಾರಿಯ ಊರುಗಳು ಅವಳ ಬರಹ. ನಿಯಮಗಳು, ಪುಟವಿನ್ಯಾಸ, ಯಾವ ಶಬ್ದ ಯಾವ ಪುಟದಲ್ಲಿದೆ ಎಂದು ಹೇಳುವ ಕೊನೆಯ ಎರಡು ಪುಟಗಳ ಪದಸೂಚಿ ಅವನದು. ಒಂದು ಸಾಲು ಬದಲಿಸಬೇಕಾದರೂ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಜಿತಿನ್ ತನ್ನ ತಂಗಿಯನ್ನು ಕರೆದುಕೊಂಡು ಬಂದ. ನೆಲ್ಯಾಡಿ ಕಡೆ ರಬ್ಬರ್ ತೋಟ ಇರುವ ಜಿತಿನ್ ಮೊದಲಿನಿಂದಲೂ ಮೇಜಿನವನು. ತಂಗಿ ಬ್ಲೆಸ್ಸಿ ಕಡಬದಲ್ಲಿ ಫಿಸಿಯೋಥೆರಪಿ ಮಾಡುವವಳು. ಮಾತು ಪಟಪಟ, ಆದರೆ ಕನ್ನಡ ಓದುವುದು ನಿಧಾನ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಮನೆಯಲ್ಲಿ ಮಲಯಾಳ.

ಅವಳ ಪಾತ್ರ ಅಂದೇ ಹೊಳೆಗೆ ಬಿತ್ತು. ಎಲ್ಲರೂ ಅಭ್ಯಾಸಬಲದಿಂದ ಅಶ್ವಿತನ ಕಡೆ ತಿರುಗಿದರು. ಅವನು ಬಾಯಿ ತೆರೆಯುವಷ್ಟರಲ್ಲಿ ಬ್ಲೆಸ್ಸಿ ಕೈ ಎತ್ತಿದಳು.

"ಅಶ್ವಿತಣ್ಣ, ಹೇಳ್ಬೇಡಿ. ನಾನೇ ಹುಡುಕ್ತೇನೆ."

ಅವಳು ಪುಸ್ತಕದ ಕೊನೆಗೆ ಹೋಗಿ ಬೆರಳಿಟ್ಟು ಹುಡುಕಿದಳು. 'ನದಿ' ಇರಲಿಲ್ಲ. 'ಹೊಳೆ' ಇರಲಿಲ್ಲ. 'ನೀರು', 'ಮುಳುಗುವುದು', 'ಈಜು' ಯಾವುದೂ ಇಲ್ಲ. ಚಹಾ ತಣ್ಣಗಾಯಿತು. ಕೊನೆಗೆ ಅಶ್ವಿತನೇ ತಾಳಲಾರದೆ "ಜಲಾಪಾಯ ನೋಡು" ಅಂದ.

"ಅದೆಂತದು?"

"ನೀರಿನಿಂದ ಬರುವ ಅಪಾಯ."

"ನಾನು ಮುಳುಗಿ ಸಾಯುವಾಗ 'ಅಯ್ಯೋ ಜಲಾಪಾಯ' ಅಂತ ಬೊಬ್ಬೆ ಹಾಕುದಾ?" ಎಂದು ಅವಳು ಕೇಳಿದ್ದೇ ತಡ, ಮೇಜೆಲ್ಲ ನಕ್ಕಿತು. ಕಬಕದಲ್ಲಿ ಮೆಡಿಕಲ್ ಇಟ್ಟಿರುವ ರಮ್ಲತ್‌ಳಂತೂ ಕಣ್ಣೊರೆಸಿಕೊಂಡಳು. ಸುಪ್ರಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಶ್ವಿತನೂ ನಕ್ಕ. ಆದರೆ ಸುಪ್ರಿತಾ ಅಷ್ಟು ನಗಬೇಕಾಗಿರಲಿಲ್ಲ ಎಂದು ಅವನಿಗನಿಸಿತು.

ಬ್ಲೆಸ್ಸಿ ಅಲ್ಲಿಗೇ ಬಿಡುವವಳಲ್ಲ. ಪ್ರತಿ ವಾರ ಏನಾದರೂ ಹುಡುಕಬೇಕಾದಾಗ ಆಟಗಾರರನ್ನು ತಡೆದು ಕೇಳುತ್ತಿದ್ದಳು, "ನೀವಾದ್ರೆ ಯಾವ ಶಬ್ದದಲ್ಲಿ ಹುಡುಕ್ತೀರಿ?" ರಮ್ಲತ್ 'ವಿಷ' ಅಂದರೆ ಜಿತಿನ್ 'ಹಾವು' ಅಂದ. ಒಬ್ಬರಿಗೆ 'ಜ್ವರ', ಇನ್ನೊಬ್ಬರಿಗೆ 'ಚಳಿ'. ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ಕೆಲವು ತಿಂಗಳ ನಂತರ, ಪುಸ್ತಕದ ಎರಡನೇ ಮುದ್ರಣದ ಮಾತು ಎದ್ದಾಗ, ಅವಳು ಸಂಕೋಚದಿಂದ ಒಂದು ಪ್ರಿಂಟ್‌ಔಟ್ ಮೇಜಿನ ಮೇಲಿಟ್ಟಳು. ಹೊಸ ಪದಸೂಚಿ.

ಸುಪ್ರಿತಾ ಓದುತ್ತಾ ಹೋದಂತೆ ಅವಳ ಮುಖ ಅರಳಿತು. "ಇದು ನೋಡು ಮಾರಾಯ! 'ಹುಲಿ' ಅಂತ ಉಂಟು, 'ಓಡಿಹೋಗುವುದು' ಅಂತ ಉಂಟು, 'ಸುಂಕ ತಪ್ಪಿಸುವುದು' ಅಂತ ಕೂಡ ಉಂಟು. ನಾವು ಎಂತ ಹಾಕಿದ್ದು ಅದಕ್ಕೆ? 'ರಾಜಸ್ವ ವಂಚನೆ'! ಯಾರು ಹುಡುಕ್ತಾರೆ ಅದನ್ನು?"

'ನಾವು' ಎಂದಿದ್ದಳು, ಆದರೆ ಹಾಕಿದವನು ಅವನು. "ಒಳ್ಳೆದುಂಟು," ಅಂದ ಅಶ್ವಿತ್. ಆ ಒಂದು ಮಾತಿಗೇ ಅವನ ಬಾಯೆಲ್ಲ ಕಹಿಯಾಯಿತು. ತಾನು ವರ್ಷಗಟ್ಟಲೆ ಬರೆದ ನಿಯಮಗಳ ಬಗ್ಗೆ ಸುಪ್ರಿತಾ ಒಂದು ದಿನವೂ ಹೀಗೆ ಮುಖ ಅರಳಿಸಿ ಮಾತಾಡಿದ್ದು ಅವನಿಗೆ ನೆನಪಾಗಲಿಲ್ಲ.

ಆಮೇಲೆ ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಸುಪ್ರಿತಾ ಕಡಬದ ಬಸ್ ಹತ್ತತೊಡಗಿದಳು. ಆಟದವರ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬರುತ್ತಿತ್ತು: ಬ್ಲೆಸ್ಸಿಯ ಮನೆಯ ಜಗಲಿ, ತಟ್ಟೆಯಲ್ಲಿ ವತ್ಸಮ್ಮ ಬಾಳೆಹಣ್ಣು ಕರಿದು ಮಾಡಿದ ಪಳಂಪೊರಿ, ಹರಡಿಕೊಂಡ ಹಾಳೆಗಳು. ವತ್ಸಮ್ಮ ಬ್ಲೆಸ್ಸಿಯ ತಾಯಿ. ಒಂದು ಫೋಟೋದಲ್ಲಿ ಅವರೂ ಕನ್ನಡಕ ಏರಿಸಿ ಏನೋ ಹೇಳುತ್ತಿದ್ದರು. ಅಶ್ವಿತ್ ಫೋಟೋವನ್ನು ಎಳೆದು ದೊಡ್ಡದು ಮಾಡಿ ಸುಪ್ರಿತಾಳ ನಗುವನ್ನು ನೋಡಿದ. ಲೈಕ್ ಒತ್ತಿ, ಒತ್ತಿದ್ದನ್ನು ತೆಗೆದ.

ಒಂದು ಸಂಜೆ ಬೈಕ್ ಹತ್ತಿ ಸೀದಾ ಅಜ್ಜಾವರಕ್ಕೇ ಹೋದ. ಸುಪ್ರಿತಾ ಅಂಗಳದಲ್ಲಿ ಮಗುವಿಗೆ ಊಟ ಮಾಡಿಸುತ್ತಿದ್ದಳು.

"ಪದಸೂಚಿಯಲ್ಲಿ ಪುಸ್ತಕದ್ದೇ ಶಬ್ದ ಇರ್ಬೇಕು," ಅಂದ ನಿಂತಲ್ಲೇ. "ತುಳು, ಮಲಯಾಳ, ಬಾಯಿಗೆ ಬಂದದ್ದೆಲ್ಲ ಹಾಕಿದ್ರೆ ಅದು ಪದಸೂಚಿ ಅಲ್ಲ, ಸಂತೆ."

"ಕೂತ್ಕೊ ಮೊದಲು. ಹುಡುಕುವವನ ಬಾಯಿಗೆ ಬರುವ ಶಬ್ದವೇ ಅಲ್ವ ಅಲ್ಲಿ ಬೇಕಾದ್ದು?"

"ಗೊತ್ತಾಗದಿದ್ರೆ ನನ್ನನ್ನು ಕೇಳ್ಲಿ."

"ಪುಸ್ತಕ ತೆಗೊಂಡವರೆಲ್ಲ ಪುತ್ತೂರಿಗೆ ಬಂದು ನಿನ್ನನ್ನು ಕೇಳುದಾ?" ಸುಪ್ರಿತಾ ನಕ್ಕಳು. ಅವನು ನಗದಿದ್ದದ್ದು ನೋಡಿ ಅವಳ ಕೈಯ ತುತ್ತು ಮಗುವಿನ ಬಾಯಿಯ ಹತ್ತಿರವೇ ನಿಂತಿತು. "ನಿನಗೆ ಎಂತ ಆದದ್ದು ಅಶ್ವಿತಾ?"

"ಎಂತದೂ ಇಲ್ಲ." ಅವನು ನೀರನ್ನೂ ಕುಡಿಯದೆ ಹೊರಟ.

ಸುಪ್ರಿತಾ ಒಂದು ಉಪಾಯ ಮಾಡಿದಳು. ಕಲ್ಲುಗುಂಡಿಯಲ್ಲಿ ಅವಳ ಹಳೆ ವಿದ್ಯಾರ್ಥಿ ಅಬ್ದುಲ್ಲನ ಬೇಕರಿ ಇತ್ತು. ಈ ಆಟ ಎಂದರೆ ಏನೆಂದೇ ಗೊತ್ತಿಲ್ಲದ ನಾಲ್ಕೈದು ಜನರನ್ನು ಅವನು ಸೇರಿಸುವುದು, ಹೊಸ ಪುಸ್ತಕದ ಕರಡು ಪ್ರತಿ ಕೊಟ್ಟು ಆಡಿಸುವುದು. ಅಬ್ದುಲ್ಲನೇ ಕಥೆ ನಡೆಸಬೇಕು, ಅಶ್ವಿತ್ ಬಾಯಿ ಬಿಡಬಾರದು. ಜನರಿಗೆ ಬೇಕಾದ್ದು ಸಿಕ್ಕಿದರೆ ಬ್ಲೆಸ್ಸಿಯ ಪದಸೂಚಿ ಉಳಿಯುತ್ತದೆ.

ಕರಡು ಪ್ರತಿ ಸಿದ್ಧ ಮಾಡುವ ಕೆಲಸ ಅಶ್ವಿತನದೇ. ಬ್ಲೆಸ್ಸಿ ಪುಟಸಂಖ್ಯೆಗಳನ್ನು ಹಾಕಿದ್ದು ಅವನು ಮೊದಲು ಕಳಿಸಿದ್ದ ಫೈಲು ನೋಡಿ. ಪ್ರಿಂಟ್ ಕೊಡುವ ಹಿಂದಿನ ದಿನ ಅವನಿಗೆ ಮೂರನೇ ಅಧ್ಯಾಯದ ದೋಣಿಯ ಚಿತ್ರ ತೀರಾ ಚಿಕ್ಕದೆನಿಸಿತು. ನಿಜಕ್ಕೂ ಚಿಕ್ಕದೇ ಇತ್ತು. ಅದನ್ನು ಎಳೆದು ಇಡೀ ಪುಟಕ್ಕೆ ತುಂಬಿಸಿದ. ಅಲ್ಲಿಂದ ಮುಂದಿನದೆಲ್ಲ ಒಂದು ಪುಟ ಮುಂದೆ ಸರಿಯಿತು. ಬ್ಲೆಸ್ಸಿಗೆ ತಿಳಿಸಬೇಕೆಂದು ಮೊಬೈಲ್ ಕೈಗೆತ್ತಿಕೊಂಡ. ಅವಳ ಹೆಸರಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಚಿತ್ರ ದೊಡ್ಡದು ಮಾಡಿದ್ದು ಪುಸ್ತಕದ ಚಂದಕ್ಕೆ ಎಂದು ತನಗೆ ತಾನೇ ಹೇಳಿಕೊಂಡು ಮೊಬೈಲನ್ನು ಕಿಸೆಗೆ ಹಾಕಿದ.

ಬೇಕರಿಯ ಮೇಲಿನ ಕೋಣೆಯಲ್ಲಿ ಆಟ ಶುರುವಾಯಿತು. ಸುಪ್ರಿತಾ, ಬ್ಲೆಸ್ಸಿ, ಜಿತಿನ್ ಆಡುವವರ ಹಿಂದೆ ಕೂತರೆ, ಅಶ್ವಿತ್ ಮೂಲೆಯ ಕುರ್ಚಿಯಲ್ಲಿ ಪಫ್ಸ್ ತಿನ್ನುತ್ತಾ ಕೂತ. ಮೊದಲರ್ಧ ಎಲ್ಲವೂ ಸರಿಯಾಗಿ ಸಿಕ್ಕಿತು. ಆಮೇಲೆ ಒಬ್ಬ ಹುಡುಗನ ಪಾತ್ರಕ್ಕೆ ಜ್ವರ ಬಂತು. ಅವನು ಕೊನೆಗೆ ಹೋಗಿ 'ಜ್ವರ' ನೋಡಿ, ಹೇಳಿದ ಪುಟಕ್ಕೆ ಬಂದ. ಅಲ್ಲಿ ಎತ್ತಿನ ಲಾಳದ ವಿಷಯ ಇತ್ತು. ಅಶ್ವಿತ್ ಪಫ್ಸ್ ಕೆಳಗಿಟ್ಟು ನೆಟ್ಟಗೆ ಕೂತ. ಈಗ ಕೇಳುತ್ತಾರೆ, ಈಗ ಸುಪ್ರಿತಾ ತನ್ನ ಕಡೆ ತಿರುಗುತ್ತಾಳೆ.

ಆ ಹುಡುಗ ಪುಟ ಮಗುಚಿದ. "ಓ, ಇಲ್ಲುಂಟು," ಅಂದ. ಆಟ ಮುಂದುವರಿಯಿತು. ಮುಂದಿನ ಸಲ ಹಾಗೇ ಆದಾಗ ಅವರು ಕೇಳಲೂ ಇಲ್ಲ, ಒಂದು ಪುಟ ಮುಂದಕ್ಕೆ ನೋಡುವುದು ಅವರಿಗೆ ಆಗಲೇ ರೂಢಿಯಾಗಿತ್ತು. ಸುಪ್ರಿತಾ ಆಟದಲ್ಲಿ ಮುಳುಗಿ ಏನನ್ನೂ ಗಮನಿಸಲಿಲ್ಲ. ಬ್ಲೆಸ್ಸಿ ಮಾತ್ರ ಬಿಳಿಚಿಕೊಂಡಳು. ತನ್ನ ಪ್ರತಿ ತೆಗೆದು ಹಿಂದೆ ಮುಂದೆ ಮಗುಚಿದಳು. ದೋಣಿಯ ಚಿತ್ರದಲ್ಲಿ ಬಂದು ನಿಂತಳು. ಮತ್ತೆ ತಲೆಯೆತ್ತಿ ಮೂಲೆಯ ಕುರ್ಚಿಯ ಕಡೆ ನೋಡಿದಳು.

ಆಟ ಮುಗಿದ ಮೇಲೆ ಬೇಕರಿಯ ಹೊರಗೆ, ಜಿತಿನ್ ಜೀಪು ತಿರುಗಿಸುತ್ತಿದ್ದಾಗ, ಅವಳು ಅಶ್ವಿತನ ಹತ್ತಿರ ಬಂದಳು.

"ಅಶ್ವಿತಣ್ಣ, ಒಂದು ಪುಟ ಹೆಚ್ಚಾಗಿದೆ ಅಲ್ವ?"

"ಹೌದು. ಚಿತ್ರ ದೊಡ್ಡದು ಮಾಡಿದೆ. ನಿನಗೆ ಹೇಳ್ಲಿಕ್ಕೆ ಮರೆತುಹೋಯ್ತು."

ಮಡಿಕೇರಿ ಕಡೆಯ ಬಸ್ಸೊಂದು ಗೇರು ಬದಲಿಸುತ್ತಾ ದಾಟಿಹೋಯಿತು.

"ನೀವು ಎಂತದನ್ನೂ ಮರೆಯುವವರಲ್ಲ ಅಣ್ಣ," ಎಂದಳು. ಸಿಟ್ಟಿರಲಿಲ್ಲ ಅವಳ ಮಾತಿನಲ್ಲಿ. "ಚಿತ್ರ ಚಂದ ಕಾಣ್ತದೆ," ಎಂದು ಸೇರಿಸಿ ಜೀಪು ಹತ್ತಿದಳು.

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಸುಪ್ರಿತಾಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸುಳ್ಯಕ್ಕೆ ಬರುವಷ್ಟೂ ದಾರಿ ಅವಳು ಬ್ಲೆಸ್ಸಿಯನ್ನು ಹೊಗಳುತ್ತಲೇ ಇದ್ದಳು. ಪೇಟೆಯ ಹತ್ತಿರ ಬಂದಾಗ ಅವನು ಬೈಕ್ ಬದಿಗೆ ನಿಲ್ಲಿಸಿದ. ಹೆಲ್ಮೆಟ್ ತೆಗೆಯದೆಯೇ ಎಲ್ಲ ಹೇಳಿದ. ಬೇಕೆಂದೇ ಬ್ಲೆಸ್ಸಿಗೆ ತಿಳಿಸಲಿಲ್ಲ, ಎಲ್ಲರೆದುರು ಅವಳ ಪದಸೂಚಿ ತಪ್ಪಬೇಕೆಂದು ಆಸೆಯಿತ್ತು ಎಂಬುದನ್ನೂ ಹೇಳಿದ.

ಸುಪ್ರಿತಾ ಬೈಕಿನಿಂದ ಇಳಿದಳು. "ಹೊಟ್ಟೆಕಿಚ್ಚು ಆಗ್ತಾ ಉಂಟು ಅಂತ ನನ್ನ ಹತ್ರ ಹೇಳ್ಬಹುದಿತ್ತಲ್ಲ ನೀನು?"

"ಅದನ್ನು ಹೇಗೆ ಹೇಳುದು?"

"ಈಗ ಹೇಳಿದ್ಯಲ್ಲ, ಹಾಗೆ." ಅವಳು ಬ್ಯಾಗನ್ನು ಹೆಗಲಿಗೇರಿಸಿಕೊಂಡಳು. "ನಮ್ಮ ಪುಸ್ತಕ ಮಾರಾಯ ಅದು. ನಮ್ಮದೇ ಪುಸ್ತಕವನ್ನು ಕೆಡಿಸ್ಲಿಕ್ಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು?" ಮುಂದೆ ಏನೂ ಹೇಳದೆ ರಿಕ್ಷಾ ಕರೆದು ಹೋದಳು. ಅನಂತರ ಅವಳ ಫೋನ್ ಬರಲಿಲ್ಲ. ಅವಳು ಭಾನುವಾರ ಆಟಕ್ಕೂ ಬರಲಿಲ್ಲ.

ಅಶ್ವಿತ್ ಪುಟಸಂಖ್ಯೆಗಳನ್ನು ಅಂಗಡಿಯಲ್ಲಿ ಕೂತೇ ತಿದ್ದಬಹುದಿತ್ತು. ಆದರೂ ಒಂದು ದಿನ ಶಟರ್ ಎಳೆದು ಕಡಬಕ್ಕೆ ಹೋದ. ಬ್ಲೆಸ್ಸಿ ಕ್ಲಿನಿಕ್ಕಿನಲ್ಲಿ ಊಟದ ಬಿಡುವಿನಲ್ಲಿದ್ದಳು. ಅವನನ್ನು ಕಂಡು ಆಶ್ಚರ್ಯಪಟ್ಟರೂ ಕುರ್ಚಿ ಎಳೆದುಕೊಟ್ಟಳು.

"ನಾನು ಬೇಕಂತಲೇ ಹೇಳ್ಲಿಲ್ಲ," ಅಂದ.

"ಗೊತ್ತುಂಟು," ಅಂದಳು. "ನನ್ನ ಓದು ನಿಧಾನ ಅಣ್ಣ, ನೀವು ಓದ್ತಾ ಹೋಗಿ, ನಾನು ಪುಟ ನೋಡ್ತೇನೆ."

ಅವನು ಓದಿದ. ಒಂದೊಂದು ಶಬ್ದಕ್ಕೂ ಅವಳು ಹೇಳುತ್ತಿದ್ದಳು, ಇದು ರಮ್ಲತ್ ಹೇಳಿದ್ದು, ಇದು ಅಮ್ಮ ಹೇಳಿದ್ದು, ಇದು ಕ್ಲಿನಿಕ್ಕಿಗೆ ಮೊಣಕಾಲು ನೋವೆಂದು ಬಂದ ವೆಂಕಪ್ಪಣ್ಣ ಹೇಳಿದ್ದು. 'ಜ'ಕಾರದಲ್ಲಿ ಅವನು ತಡೆದು ನಿಂತ. 'ಜಲಾಪಾಯ: ಹೊಳೆ ನೋಡಿ' ಎಂದಿತ್ತು.

"ಇದನ್ನು ಯಾಕೆ ಉಳಿಸಿದ್ದು? ಯಾರೂ ಹುಡುಕುದಿಲ್ಲವಲ್ಲ."

"ನೀವು ಹುಡುಕಿದ್ರೆ?" ಅಂದಳು ಬ್ಲೆಸ್ಸಿ, ಬುತ್ತಿ ಮುಚ್ಚುತ್ತಾ.

ಅವನಿಗೆ ನಗು ಬಂತು, ಅದರ ಬೆನ್ನಿಗೇ ಹಳೆಯ ಹೊಟ್ಟೆಕಿಚ್ಚೂ ಬಂತು. ಇಷ್ಟು ಚಂದದ ಕೆಲಸ ತನಗೆ ಯಾಕೆ ಹೊಳೆಯಲಿಲ್ಲ? ಆದರೆ ಶಬ್ದಗಳ ನಡುವಿನ 'ಳ' ಅಕ್ಷರವನ್ನು ಅವಳು 'ಲ'ದ ಪಕ್ಕ ಇಟ್ಟದ್ದು ತಪ್ಪೆಂದು, ಅದು 'ಹ' ಆದ ಮೇಲೆ ಬರಬೇಕೆಂದು ಅವನು ತೋರಿಸಿದಾಗ ಅವಳು ನಾಲಿಗೆ ಕಚ್ಚಿಕೊಂಡಳು. ಅಷ್ಟು ಸಣ್ಣ ಗೆಲುವಿಗೆ ಅವನು ಪುತ್ತೂರಿನವರೆಗೆ ಬೈಕಿನಲ್ಲಿ ಹಾಡುತ್ತಾ ಬಂದ.

ಎರಡನೇ ಮುದ್ರಣ ಬಂತು. ಒಳಪುಟದಲ್ಲಿ ಇಬ್ಬರ ಹೆಸರಿನ ಕೆಳಗೆ ಬ್ಲೆಸ್ಸಿಯ ಹೆಸರು. ಅದನ್ನು ಇವರಿಬ್ಬರ ಅಕ್ಷರದಷ್ಟೇ ದೊಡ್ಡದಾಗಿ ಹಾಕಿದವನು ಅಶ್ವಿತನೇ. ಪುಸ್ತಕದ ಕಟ್ಟು ಬಿಚ್ಚುವ ದಿನ ಸುಪ್ರಿತಾ ಬಂದಳು. ಮೊದಲಿನ ಹಾಗೆ ಮಾತಾಡಲು ಇಬ್ಬರಿಗೂ ಸ್ವಲ್ಪ ಸಮಯ ಹಿಡಿಯಿತು. ಭಾನುವಾರದ ಮೇಜಿನಲ್ಲಿ ಈಗ ಪ್ರಶ್ನೆ ಬಂದರೆ ಎಲ್ಲರ ಕೈ ಪುಸ್ತಕದ ಹಿಂಬದಿಗೆ ಹೋಗುತ್ತದೆ. ಅಶ್ವಿತನಿಗೆ ಪುಟ ಬಾಯಿತುದಿಯಲ್ಲಿರುತ್ತದೆ, ನುಂಗಿಕೊಳ್ಳುತ್ತಾನೆ. ಪ್ರತಿ ಸಲವೂ ಕಷ್ಟವೇ.

ಮೊನ್ನೆ ವಿಟ್ಲದಿಂದ ಯಾರೋ ಸರ್ವೋತ್ತಮ ಎಂಬವರು ಅಂಗಡಿಗೆ ಫೋನ್ ಮಾಡಿದರು. ಪದಸೂಚಿ ಮಾಡಿದವರ ನಂಬರ್ ಬೇಕಂತೆ.

"ಎಂತ ಸಂಶಯ ಹೇಳಿ, ನಾನೇ ಹೇಳ್ತೇನೆ. ಪುಸ್ತಕ ಬರೆದವ ನಾನೇ," ಅಂದ ಅಶ್ವಿತ್ ಉತ್ಸಾಹದಿಂದ.

"ಸಂಶಯ ಎಂತ ಇಲ್ಲ ಮಾರಾಯ್ರೆ. ಹುಡುಕಿದ್ದೆಲ್ಲ ಸಿಕ್ಕಿತು. ಅದನ್ನೇ ಅವರಿಗೆ ಹೇಳುವ ಅಂತ."

ಅವನು ನಂಬರ್ ಕೊಟ್ಟ. ಕಂಪ್ಯೂಟರಿನಲ್ಲಿ ಅರ್ಧವಾಗಿದ್ದ ಮದುವೆಯ ಆಮಂತ್ರಣವನ್ನು ಸುಮ್ಮನೆ ನೋಡುತ್ತಾ ಕೂತ. ಆಮೇಲೆ ಸುಪ್ರಿತಾಳಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದ.

"ಉರಿಯಿತಾ?" ಅಂತ ಕೇಳಿದಳು.

"ಉರಿಯಿತು."

"ನಂಬರ್ ಸರಿಯಾದ್ದೇ ಕೊಟ್ಟಿಯಲ್ಲ?"

"ಎರಡು ಸಲ ಹೇಳಿದೆ."

ಸುಪ್ರಿತಾ ನಕ್ಕಳು. ಕ್ಲಾಸಿನ ಬೆಲ್ ಆಗುತ್ತದೆ, ಸಂಜೆ ಮಾತಾಡುವ, ದೋಣಿ ನಡೆಸುವವರ ಬಗ್ಗೆ ಒಂದು ಹೊಸ ಅಧ್ಯಾಯ ತಲೆಯಲ್ಲುಂಟು ಎಂದಳು. ಅಶ್ವಿತ್ ಫೋನ್ ಇಟ್ಟು, ವಧುವಿನ ತಂದೆಯ ಹೆಸರನ್ನು ಟೈಪ್ ಮಾಡತೊಡಗಿದ.