ಇಪ್ಪತ್ತೊಂದನೇ ತೋಪು

ಮದುವೆಯ ದಿನ ಮದುಮಗಳೇ ಫೆರಿ ನಡೆಸುವುದು ಸರಿಯೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಕ್ಯಾಪ್ಟನಮ್ಮ ಅವರನ್ನು ಅಲ್ಲೇ ದೋಣಿ ಕಟ್ಟುವ ಧಕ್ಕೆಯ ಮೇಲೆ ಬಿಟ್ಟು ಹೊರಟುಬಿಡುತ್ತಿದ್ದಳು. ಬಂದರಿನ ಈ ದಡದಿಂದ ಆ ದಡಕ್ಕೆ ಜನ, ಸೈಕಲ್ಲು, ಕುರಿ, ಕಪಾಟು, ಕೋಪಿಸಿಕೊಂಡು ತವರಿಗೆ ಹೊರಟ ಹೆಂಡಿರು, ಎಲ್ಲರನ್ನೂ ಎಲ್ಲವನ್ನೂ ದಾಟಿಸುವ ಫೆರಿ ಅದು. ಮೊದಲು ಅಜ್ಜ ನಡೆಸಿದ್ದ, ಆಮೇಲೆ ಅಪ್ಪ, ಈಗ ಅವಳು. ನಲವತ್ತು ದಾಟಿದ ಮೇಲೆ ಮದುವೆಯಾಗಲು ಹೊರಟಿದ್ದ ಈ ಹೆಣ್ಣು, ಹೊಸ ಬಟ್ಟೆಯ ತೋಳನ್ನು ಮೊಣಕೈವರೆಗೆ ಮಡಚಿ, ಚುಕ್ಕಾಣಿ ಹಿಡಿದು, ಹಿಂದೆ ತಿರುಗಿ ಒಂದು ಸಲ ಗದರಿದಳು.

"ಎಲ್ಲರೂ ಒಂದೇ ಕಡೆ ನಿಲ್ಬೇಡಿ! ಫೆರಿ ವಾಲುತ್ತೆ. ಕುಣಿಯೋದಾದ್ರೆ ನಡುವೆ ಕುಣೀರಿ."

ನೆಂಟರು ನಡುವೆ ಕುಣಿದರು. ಒಬ್ಬ ಬಾವ ಬಕೆಟ್ಟು ಬಡಿಯುತ್ತಿದ್ದ, ಇನ್ನೊಬ್ಬ ಅದಕ್ಕೆ ತಾಳವಿಲ್ಲದೆ ಶಿಳ್ಳೆ ಹಾಕುತ್ತಿದ್ದ. ತಮಾಷೆಯೆಂದರೆ, ಆಚೆ ದಡದ ನೋಂದಣಿ ಕಚೇರಿಗೆ ಮದುಮಗ ಬರುತ್ತಾನೋ ಇಲ್ಲವೋ ಎಂಬುದು ಈ ಕುಣಿಯುವವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮದುವೆಗೆ ಕೊಟ್ಟಿದ್ದ ನೋಟೀಸಿನ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ಮಧ್ಯಾಹ್ನ ಕಚೇರಿ ಬಾಗಿಲು ಹಾಕಿದರೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು, ಮತ್ತು ಈ ಇಬ್ಬರೂ ಇನ್ನೊಂದು ಸಲ ಶುರು ಮಾಡುವ ಜಾತಿಯವರಲ್ಲ.

ಮದುಮಗನಿದ್ದದ್ದು ಆಚೆ ದಡದ ಕೋಟೆಯ ಮೇಲೆ. ಊರವರು ಅವನನ್ನು ಗುಂಡಣ್ಣ ಎನ್ನುತ್ತಿದ್ದರು. ಆಳು ನೋಡಿದರೆ ಒಣಗಿದ ಕೋಲು; ಹೆಸರು ಬಂದದ್ದು ಕೆಲಸದಿಂದ. ಕೋಟೆಯ ಕುಶಾಲುತೋಪು ಅವನ ವಶದಲ್ಲಿತ್ತು. ಪರದೇಶದ ಯುದ್ಧನೌಕೆ ಬಂದರಿಗೆ ಬಂದರೆ ಗುಂಡಿಲ್ಲದ ಇಪ್ಪತ್ತೊಂದು ಖಾಲಿ ತೋಪು ಹಾರಿಸಿ ನಮಸ್ಕಾರ ಹೇಳಬೇಕು, ಕೋಟೆ ಅಷ್ಟೇ ತೋಪು ಹಾರಿಸಿ ಪ್ರತಿನಮಸ್ಕಾರ ಹೇಳಬೇಕು. ಅದು ಸಮುದ್ರದ ಮರ್ಯಾದೆ.

ಈಗ ಬಂದರಿನ ನಡುವೆ ಒಂದು ಬೂದು ಬಣ್ಣದ ಯುದ್ಧನೌಕೆ ಲಂಗರು ಹಾಕಿ ಕೂತಿತ್ತು. ಮೀನುಗಾರಿಕೆಯ ಒಪ್ಪಂದ ಮಾತಾಡಲು ರಾಯಭಾರಿಯನ್ನು ಹೊತ್ತು ತಂದಿತ್ತು. ಆದರೆ ನಮಸ್ಕಾರವನ್ನೇ ಹೇಳಿರಲಿಲ್ಲ. ಯಾಕೆಂದರೆ ಹಿಂದೊಮ್ಮೆ ಅದೇ ದೇಶದ ಹಡಗು ಬಂದಾಗ ಕೋಟೆಯ ತೋಪು ಇಪ್ಪತ್ತು ಸಲ ಗುಡುಗಿ, ಇಪ್ಪತ್ತೊಂದನೆಯದಕ್ಕೆ ಠುಸ್ ಎಂದಿತ್ತು. ಬೇಕೆಂದೇ ಒಂದು ಕಡಿಮೆ ಮಾಡಿ ಅವಮಾನಿಸಿದಿರಿ, ಈ ಸಲ ನೀವೇ ಮೊದಲು ಹಾರಿಸಿ ಎಂದು ಅವರು. ಬಂದವರು ಮೊದಲು ಕೈ ಮುಗಿಯುವುದು ಪದ್ಧತಿ ಎಂದು ಇವರು. ರಾಯಭಾರಿ ಹಡಗಿನಿಂದ ಇಳಿಯಲಿಲ್ಲ, ಮಂತ್ರಿ ಬಂಗಲೆಯಿಂದ ಹೊರಡಲಿಲ್ಲ, ಮೀನು ಮಾತ್ರ ಎರಡೂ ದೇಶದ ನೀರಿನಲ್ಲಿ ಆರಾಮಾಗಿ ಓಡಾಡಿಕೊಂಡಿತ್ತು. ಹಡಗು ಯಾವ ಗಳಿಗೆಯಲ್ಲಿ ಮನಸ್ಸು ಬದಲಾಯಿಸುತ್ತದೋ ಯಾರಿಗೆ ಗೊತ್ತು ಎಂದು, ಗುಂಡಣ್ಣ ಹಗಲಿಡೀ ತೋಪಿನ ಪಕ್ಕದಿಂದ ಅಲ್ಲಾಡಬಾರದೆಂದು ಹುಕುಂ ಆಗಿತ್ತು.

"ಇದೇನು ಹೊಸದಲ್ಲ," ಎಂದು ಚಿಕ್ಕಪ್ಪ ಚುಕ್ಕಾಣಿಯ ಕೋಣೆಯ ಬಾಗಿಲಿಗೆ ಒರಗಿ ಶುರುಮಾಡಿದ. ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಸಂಬಳ ನಿಂತಿತ್ತು, ಪಾಠ ನಿಂತಿರಲಿಲ್ಲ. "ಬಾವುಟ ಯಾರು ಮೊದಲು ಇಳಿಸ್ಬೇಕು ಅಂತ ದೊಡ್ಡ ದೊಡ್ಡ ರಾಜ್ಯಗಳು ಸಮುದ್ರದ ಮೇಲೆ ಬಡಿದಾಡಿವೆ. ರಾಯಭಾರಿ ಮೇಜಿನ ಮುಂದೆ ಕೂತು ಯಾಕೆ ಅಷ್ಟು ಮೆತ್ತಗೆ ಮಾತಾಡ್ತಾನೆ ಗೊತ್ತಾ? ಕಿಟಕಿಯಿಂದ ಆಚೆ ಅವನ ಹಡಗು ಕಾಣ್ತಿರುತ್ತೆ. ಗಟ್ಟಿಯಾಗಿ ಮಾತಾಡೋ ಕೆಲಸ ಅದರದು."

"ಹಂಗಾದ್ರೆ ಖಾಲಿ ತೋಪು ಯಾಕಪ್ಪಾ ಹಾರಿಸೋದು?" ಎಂದಳು ಅತ್ತೆ. ಅವಳು ಚಿಕ್ಕಪ್ಪನ ಅಕ್ಕ. ಮಡಿಲ ತುಂಬ ಹೂವಿನ ಸರ ಇಟ್ಟುಕೊಂಡು ಫೆರಿಯ ಕಂಬಕಂಬಕ್ಕೂ ಕಟ್ಟುತ್ತಿದ್ದಳು.

"ಅದೇ ಚಂದ ಕಣೇ ಅಕ್ಕ! ಹಿಂದೆಲ್ಲ ತೋಪಿಗೆ ಮತ್ತೆ ಮದ್ದು ತುಂಬೋಕೆ ಬಹಳ ಹೊತ್ತು ಬೇಕಿತ್ತು. ಇರೋದನ್ನೆಲ್ಲ ಹಾರಿಸಿ ಖಾಲಿ ಮಾಡಿದ್ರೆ, ನೋಡಪ್ಪಾ, ಈಗ ನನ್ನ ಕೈ ಖಾಲಿ, ನೀನು ಹೊಡೆದ್ರೆ ಹೊಡೆಸ್ಕೋತೀನಿ ಅಂತ ಅರ್ಥ. ನಂಬಿಕೆ! ನಾವಂತೂ ಯಾರಿಗೂ ತಗ್ಗಿದವರಲ್ಲ ಬಿಡು. ಅಪ್ಪನ ಕಾಲದಲ್ಲಿ ಇದೇ ದೇಶದವರು ತೋಪಿನ ಬಾಯಿ ಊರಿನ ಕಡೆ ತಿರುಗಿಸಿ ಒಪ್ಪಂದಕ್ಕೆ ರುಜು ಹಾಕಿಸ್ಕೊಂಡ್ರಲ್ಲ, ಆವತ್ತು ಬಂದರಿನ ಎಲ್ಲ ದೋಣಿನೂ ಬಾವುಟ ಇಳಿಸಿತು. ನಮ್ಮ ಫೆರಿ ಇಳಿಸಲಿಲ್ಲ!"

"ಹಗ್ಗ ಸಿಕ್ಕಾಕ್ಕೊಂಡಿತ್ತು ಕಣೋ. ಅಪ್ಪನೇ ಹೇಳಿದ್ದ."

"ಅಕ್ಕಾ, ಇತಿಹಾಸಕ್ಕೆ ಕೈ ಹಾಕ್ಬೇಡ."

ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಯಾಪ್ಟನಮ್ಮನೂ ನಕ್ಕಳು, ಆದರೆ ಕಣ್ಣು ಕೋಟೆಯ ಮೇಲೇ ಇತ್ತು. ಹಗ್ಗ ಸಿಕ್ಕಿಕೊಂಡಿತ್ತೋ ಇಲ್ಲವೋ, ತಗ್ಗದಿರುವ ಗುಣ ಮಾತ್ರ ಅವಳ ರಕ್ತಕ್ಕೆ ಇಳಿದಿತ್ತು. ಸಾಮಾನ್ಯ ಹಡಗುಗಳು ಯುದ್ಧನೌಕೆಯ ಪಕ್ಕ ಹಾಯುವಾಗ ಬಾವುಟವನ್ನು ಅರ್ಧ ಇಳಿಸಿ ಹಿಡಿಯುತ್ತವೆ, ಯುದ್ಧನೌಕೆ ತನ್ನದನ್ನು ಇಳಿಸಿ ಏರಿಸುತ್ತದೆ, ಆಮೇಲೆ ಇವರು ಏರಿಸುತ್ತಾರೆ. ಬೇರೆ ದೇಶದ ಹಡಗುಗಳಿಗೆಲ್ಲ ಅವಳು ಹೀಗೆ ಮಾಡುತ್ತಿದ್ದಳು. ಈ ಬೂದು ಹಡಗಿನ ದೇಶದ್ದಕ್ಕೆ ಮಾತ್ರ ಮಾಡುತ್ತಿರಲಿಲ್ಲ. ಗುಂಡಣ್ಣನ ವಿಷಯದಲ್ಲೂ ಅಷ್ಟೇ. ಅವನು ಕೋಟೆಯ ಮೇಲಿಂದ ದುರ್ಬೀನು ಹಿಡಿದು ಅವಳ ಫೆರಿಯನ್ನು ವರ್ಷಗಟ್ಟಲೆ ನೋಡಿದ, ದುರ್ಬೀನಿನ ಗಾಜು ಬಿಸಿಲಿಗೆ ಮಿಂಚುವುದನ್ನು ಅವಳೂ ವರ್ಷಗಟ್ಟಲೆ ನೋಡಿದಳು, ಕೈಯೆತ್ತಿದವಳಲ್ಲ. ಕೊನೆಗೆ ಅವನೇ ಟಿಕೆಟ್ಟು ತೆಗೆದುಕೊಂಡು ಫೆರಿ ಹತ್ತಿ, ಯಾವ ಕೆಲಸವೂ ಇಲ್ಲದೆ ಬೆಳಗಿನಿಂದ ಸಂಜೆಯವರೆಗೆ ಆ ದಡ ಈ ದಡ ತಿರುಗಿ, ಸಂಜೆ ಮದುವೆಯ ಮಾತಿಗೆ ಬಾಯಿ ಬಿಟ್ಟಿದ್ದ.

ಹೋದ ವಾರ ಧಕ್ಕೆಯ ಚಹಾದಂಗಡಿಯಲ್ಲಿ ಜಗಳವಾಗಿತ್ತು. ಹಡಗು ಹೋಗುವವರೆಗೆ ರಜೆ ಕಷ್ಟ, ಸಾಹೇಬರನ್ನು ಕೇಳಿ ನೋಡುತ್ತೇನೆ ಎಂದಿದ್ದ ಅವನು. ಅವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ನಿನಗೆ ಆ ತುಕ್ಕು ಹಿಡಿದ ತೋಪೇ ಹೆಂಡ್ತಿ. ಅದನ್ನೇ ಕಟ್ಕೋ" ಎಂದುಬಿಟ್ಟಿದ್ದಳು.

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಿದ್ದಳು. ಹಿಂದೊಮ್ಮೆ ಆ ಇಪ್ಪತ್ತೊಂದನೇ ತೋಪು ಹಾರದೆ ಹೋದಾಗ ಅದನ್ನು ನೋಡಿಕೊಳ್ಳುತ್ತಿದ್ದವನು ಗುಂಡಣ್ಣನ ಅಪ್ಪ. ಊರೆಲ್ಲ ಅವನನ್ನು ತುಕ್ಕಯ್ಯ ಎಂದು ಕರೆಯಿತು, ಸಾಯುವವರೆಗೆ ಕರೆಯಿತು. ಆಮೇಲೆ ಮಗ ಅದೇ ಕೆಲಸಕ್ಕೆ ಸೇರಿ, ಆ ತೋಪನ್ನು ದಿನವೂ ಉಜ್ಜಿ, ಎಣ್ಣೆ ಹಾಕಿ, ಮುಖ ನೋಡಿಕೊಳ್ಳುವಷ್ಟು ಹೊಳಪು ತಂದಿದ್ದ. ಇದೆಲ್ಲ ಗೊತ್ತಿದ್ದೇ ಅವಳು ಆ ಮಾತು ಆಡಿದ್ದಳು. ಅವನು ಅರ್ಧ ಕುಡಿದ ಚಹಾ ಅಲ್ಲೇ ಇಟ್ಟು ಎದ್ದ. "ಒಂದೇ ಒಂದು ಸಲ, ತಪ್ಪಾಯ್ತು ಅನ್ನು. ಅವತ್ತು ಬರ್ತೀನಿ" ಎಂದು ಹೋದ. ಹೇಳಿಕಳಿಸಲು ಊರ ತುಂಬ ಜನರಿದ್ದರು. ಅವಳು ಯಾರ ಕೈಲೂ ಹೇಳಿಕಳಿಸಲಿಲ್ಲ. ರಾತ್ರಿಯೆಲ್ಲ ಆ ಒಂದು ಮಾತನ್ನು ಬಾಯೊಳಗೇ ಹೇಳಿಕೊಂಡು, ಬೆಳಗಾದರೆ ನುಂಗಿಬಿಡುತ್ತಿದ್ದಳು.

ಫೆರಿ ಈಗ ಯುದ್ಧನೌಕೆಯ ಪಕ್ಕಕ್ಕೆ ಬಂತು. ಅದರ ಗೋಡೆ ಮೂರಂತಸ್ತಿನ ಮನೆಯಷ್ಟು ಎತ್ತರಕ್ಕೆ ನಿಂತು ನೆರಳು ಚೆಲ್ಲಿತು. ನೆಂಟರು ಕುಣಿತ ನಿಲ್ಲಿಸಿದರು. ಬಕೆಟ್ಟು ಬಡಿಯುತ್ತಿದ್ದ ಬಾವ ಬಕೆಟ್ಟನ್ನು ಬೆನ್ನ ಹಿಂದೆ ಅಡಗಿಸಿದ. ಕ್ಯಾಪ್ಟನಮ್ಮ ಬೆನ್ನು ನೆಟ್ಟಗೆ ಮಾಡಿದಳು.

ಅತ್ತೆಯ ಕೈಯಲ್ಲಿ ಒಂದೇ ಒಂದು ಸರ ಉಳಿದಿತ್ತು, ಎಲ್ಲಕ್ಕಿಂತ ಉದ್ದದ್ದು. ಅದನ್ನು ಎಲ್ಲಿ ಕಟ್ಟಲಿ ಎಂದು ನೋಡಿದಳು. ಕಂಬದ ಬುಡದಲ್ಲಿ ಒಂದು ಹಗ್ಗ ಸುತ್ತಿಟ್ಟಿತ್ತು. ಯಾರಿಗೂ ಬೇಡದ ಹಗ್ಗ ಎಂದುಕೊಂಡು ಬಿಚ್ಚಿದಳು. ಸರವನ್ನು ತುದಿಗೆ ಕಟ್ಟಿ ಮೇಲಕ್ಕೆ ಏರಿಸುವುದು ಅವಳ ಯೋಜನೆ. ಬಿಚ್ಚಿದ್ದೇ ತಡ, ನೆತ್ತಿಯ ಮೇಲಿದ್ದ ಬಾವುಟ ಸರ್ರನೆ ಅರ್ಧಕ್ಕೆ ಜಾರಿ, ಅಲ್ಲಿ ನಿಂತು ಪಟಪಟ ಬಡಿದುಕೊಂಡಿತು.

"ಅಯ್ಯೋ! ಬಾವುಟ!" ಚಿಕ್ಕಪ್ಪ ಕಿರುಚಿದ. "ಯಾರದು? ಅಕ್ಕಾ! ಎತ್ತೇ, ಎತ್ತು! ಅಪ್ಪನ ಮಾನ ಹೋಯ್ತು!"

"ನನಗೇನು ಗೊತ್ತು? ಹಗ್ಗ ಅಂದ್ರೆ ಹಗ್ಗ!" ಎಂದು ಅತ್ತೆ ಸರವನ್ನೂ ಹಗ್ಗವನ್ನೂ ಒಟ್ಟಿಗೆ ಎದೆಗೆ ಅವಚಿಕೊಂಡು ಕಕ್ಕಾಬಿಕ್ಕಿಯಾದಳು.

ಕ್ಯಾಪ್ಟನಮ್ಮ ಒಂದು ಕೈ ಚುಕ್ಕಾಣಿಯ ಮೇಲಿಟ್ಟೇ ಇನ್ನೊಂದು ಕೈಯಿಂದ ಹಗ್ಗ ಕಸಿದುಕೊಂಡಳು. ಎರಡು ಸಲ ಎಳೆದರೆ ಸಾಕು, ಬಾವುಟ ಮತ್ತೆ ನೆತ್ತಿಗೆ ಏರುತ್ತಿತ್ತು. ಆಗ ಕೋಟೆಯ ಮೇಲೆ ಫಳ್ಳನೆ ಮಿಂಚಿತು. ದುರ್ಬೀನು. ಅವನು ನೋಡುತ್ತಿದ್ದ. ಇಷ್ಟು ಸಿಟ್ಟು ಮಾಡಿಕೊಂಡೂ ನೋಡುತ್ತಿದ್ದ.

ಅವಳ ಕೈ ನಿಂತಿತು.

"ಎಳಿಯೇ! ಏನು ನೋಡ್ತಿದೀಯ?"

"ಚಿಕ್ಕಪ್ಪ, ಸುಮ್ನಿರಿ. ಇಳಿದಿದೆ. ಇಳಿದೇ ಇರ್ಲಿ."

ಹಗ್ಗ ಹಿಡಿದು ಬಾವುಟವನ್ನು ಅರ್ಧದಲ್ಲೇ ನಿಲ್ಲಿಸಿಕೊಂಡಳು. ಮೇಲೆ ಯುದ್ಧನೌಕೆಯ ಕಟಕಟೆಯಲ್ಲಿ ಕಾವಲಿಗಿದ್ದ ನಾವಿಕನೊಬ್ಬ ಹೂವು ಮುಡಿದ ಫೆರಿಯನ್ನೂ, ತಗ್ಗಿದ ಬಾವುಟವನ್ನೂ ನೋಡಿದ. ರಾಜಕೀಯ ನೆನಪಾಗುವ ಮೊದಲು ಅವನ ಕೈಗೆ ಅಭ್ಯಾಸ ನೆನಪಾಯಿತು. ಓಡಿಹೋಗಿ ತಮ್ಮ ಬಾವುಟವನ್ನು ಅರ್ಧಕ್ಕೆ ಇಳಿಸಿ ಏರಿಸಿಬಿಟ್ಟ.

ಗುಂಡಣ್ಣ ಅದನ್ನು ನೋಡಲೇ ಇಲ್ಲ. ಅವನ ದುರ್ಬೀನಿನಲ್ಲಿ ಅಷ್ಟು ದೊಡ್ಡ ಹಡಗಿಗೆ ಜಾಗವಿರಲಿಲ್ಲ; ಇದ್ದದ್ದು ಒಂದು ಫೆರಿ, ಒಂದು ಬಾವುಟ. ಜನ್ಮದಲ್ಲಿ ತಗ್ಗದವಳು ಕೋಟೆಯ ಎದುರಿಗೆ ಬಾವುಟ ತಗ್ಗಿಸಿ ನಿಂತಿದ್ದಾಳೆ. ಅವನಿಗೆ ಹುಚ್ಚೇ ಹಿಡಿಯಿತು.

ಢಂ!

ಫೆರಿಯಲ್ಲಿದ್ದವರೆಲ್ಲ ಒಟ್ಟಿಗೆ ಕೂತರು. ಅತ್ತೆ ಚಿಕ್ಕಪ್ಪನ ಮೇಲೆ ಕೂತಳು. ಕೋಟೆಯ ಮೇಲೆ ಬಿಳಿ ಹೊಗೆಯೆದ್ದಿತು. ಮತ್ತೊಂದು ಢಂ! ಅಷ್ಟರಲ್ಲಿ ಯುದ್ಧನೌಕೆಯ ಮೇಲೆ ಸೀಟಿಗಳು ಊದಿದವು, ಬೂಟುಗಳು ದಡದಡ ಓಡಿದವು. ಕೋಟೆಯೇ ಮೊದಲು ನಮಸ್ಕಾರ ಹೇಳಿದೆ, ಗೆದ್ದೆವು ಎಂದು ಅವರೂ ತೋಪು ಹಾರಿಸತೊಡಗಿದರು. ಕೆಳಗೆ ಬಂದರಿನ ಕಚೇರಿಯಲ್ಲಿ ಶಿಷ್ಟಾಚಾರದ ಅಧಿಕಾರಿ, ಅವರ ಬಾವುಟ ಮೊದಲು ಇಳಿದದ್ದನ್ನು ನನ್ನ ಕಣ್ಣಾರೆ ಕಂಡೆ, ಗೆದ್ದೆವು ಎಂದು ಮಂತ್ರಿಗೆ ಫೋನು ಮಾಡಿದ. ಎರಡೂ ಕಡೆಯವರು ಗೆದ್ದ ಇಂಥ ಕಾಳಗ ಆ ನೀರಿನಲ್ಲಿ ಹಿಂದೆಂದೂ ನಡೆದಿರಲಿಲ್ಲ.

"ಎಣಿಸಿ!" ಎಂದು ಕೂಗಿದಳು ಕ್ಯಾಪ್ಟನಮ್ಮ. "ಹಡಗಿಂದು ಬೇಡ. ಕೋಟೇದು ಮಾತ್ರ ಎಣಿಸಿ!"

ನೆಂಟರು ಎದ್ದು ನಿಂತು ಒಂದೇ ಗಂಟಲಿನಲ್ಲಿ ಎಣಿಸಿದರು. ಬಕೆಟ್ಟು ಮತ್ತೆ ಹೊರಬಂತು. ಒಂದೊಂದು ತೋಪಿಗೂ ಬಾವ ಒಂದೊಂದು ಏಟು ಹಾಕಿದ. ಹತ್ತಾಯಿತು, ಹದಿನೈದಾಯಿತು. ಚಿಕ್ಕಪ್ಪ ಮಾನದ ಚಿಂತೆ ಮರೆತು ಕುಣಿಯುತ್ತಿದ್ದ. "ಹತ್ತೊಂಬತ್ತು!" "ಇಪ್ಪತ್ತು!"

ಆಮೇಲೆ ಏನೂ ಇಲ್ಲ.

ಕೋಟೆಯ ಮೇಲೆ ಹೊಗೆ ಮಾತ್ರ. ಬಕೆಟ್ಟಿನ ಕೈ ಗಾಳಿಯಲ್ಲೇ ನಿಂತಿತು. ಹಡಗಿನ ತೋಪು ಕೂಡ ಅದೇ ಹೊತ್ತಿಗೆ ಉಸಿರು ಹಿಡಿದಂತಿತ್ತು. ಕ್ಯಾಪ್ಟನಮ್ಮ ಹಗ್ಗವನ್ನು ಅಂಗೈ ಕೆಂಪಾಗುವಷ್ಟು ಬಿಗಿಹಿಡಿದಳು. ಮದುವೆ ಇರಲಿ ಹೋಗಲಿ, ಇದೊಂದು ಹಾರಲಿ ಎಂದುಕೊಂಡಳು. ತಪ್ಪಾಯ್ತು, ತಪ್ಪಾಯ್ತು ಎಂದು ಬಾಯಿಬಿಟ್ಟೇ ಹೇಳುತ್ತಿದ್ದಳು, ತಾನು ಹೇಳುತ್ತಿರುವುದು ಅವಳಿಗೇ ತಿಳಿಯಲಿಲ್ಲ.

ಢಂ!

ಉಳಿದ ಇಪ್ಪತ್ತನ್ನೂ ನಾಚಿಸುವಂಥ ಸದ್ದು. ದಡದ ಹಕ್ಕಿಗಳೆಲ್ಲ ಎದ್ದವು. "ಇಪ್ಪತ್ತೊಂದು!" ಎಂದು ಫೆರಿ ಕಿರುಚಿತು, ಅತ್ತೆ ಅಳುತ್ತ ನಗುತ್ತ ಕೊನೆಯ ಸರವನ್ನು ಚಿಕ್ಕಪ್ಪನ ಕೊರಳಿಗೇ ಹಾಕಿಬಿಟ್ಟಳು. ಕ್ಯಾಪ್ಟನಮ್ಮ ಕಣ್ಣೊರೆಸಿಕೊಂಡು, ಬಾವುಟವನ್ನು ನಿಧಾನವಾಗಿ ನೆತ್ತಿಗೇರಿಸಿದಳು.

ನೋಂದಣಿ ಕಚೇರಿ ಎಂದರೆ ಒಂದು ಮೇಜು, ಅಂಟು ಒಣಗಿದ ಒಂದು ಬಾಟಲಿ, ಗಡಿಯಾರದ ಕಡೆಗೇ ನೋಡುವ ಒಬ್ಬ ಅಧಿಕಾರಿ. ಅವನು ಬಾಗಿಲ ಬೀಗವನ್ನು ಕೈಗೆ ತೆಗೆದುಕೊಂಡಾಗ ಮೆಟ್ಟಿಲ ಮೇಲೆ ದಡಬಡ ಸದ್ದಾಯಿತು. ಹಡಗಿನ ನಮಸ್ಕಾರ ಮುಗಿದು ತೋಪಿನ ಕಾವಲಿನಿಂದ ಬಿಡುಗಡೆಯಾಗಿದ್ದ ಗುಂಡಣ್ಣ ಬಂದ. ಮುಖವೆಲ್ಲ ಮಸಿ, ಹುಬ್ಬು ಅರ್ಧ ಸುಟ್ಟಿತ್ತು, ಒಂದು ಕಿವಿಯಲ್ಲಿ ಇನ್ನೂ ಹತ್ತಿ ಇತ್ತು. ನೆಟ್ಟಗೆ ಅವಳ ಮುಂದೆ ಬಂದು ನಿಂತ.

"ಬಾವುಟ ಇಳಿಸಿದ್ದು ನನಗೆ ತಾನೆ?"

ಅತ್ತೆ ನಿಜ ಹೇಳಲು ಬಾಯಿ ತೆರೆದಳು. ಜೀವಮಾನವೆಲ್ಲ ಸತ್ಯವನ್ನೇ ಪಾಠ ಹೇಳಿದ್ದ ಚಿಕ್ಕಪ್ಪ ಅವಳ ಕಾಲು ತುಳಿದ. ಹೌದು ಎಂದರೆ ಮುಗಿಯುತ್ತಿತ್ತು. ಕ್ಯಾಪ್ಟನಮ್ಮ ಆ ಮಸಿ ಮುಖವನ್ನೇ ನೋಡಿದಳು. ಇದ್ದದ್ದನ್ನೆಲ್ಲ ಹಾರಿಸಿ ಕೈ ಖಾಲಿ ಮಾಡಿಕೊಂಡು ಬಂದು ನಿಂತಿದ್ದ.

"ಇಳಿದಿದ್ದು ಅತ್ತೆ ಕೈ ತಪ್ಪಿ," ಎಂದಳು. "ಇಳಿದ ಮೇಲೆ ಏರಿಸದೆ ಹಿಡ್ಕೊಂಡಿದ್ದು ನಾನು. ನಿನಗೇ. ತಪ್ಪಾಯ್ತು ಕಣೋ."

ಗುಂಡಣ್ಣ ಕಿವಿಯ ಹತ್ತಿ ತೆಗೆದ. ಊರಿಗೆಲ್ಲ ಗುಡುಗು ಹಂಚಿ ಬಂದವನ ದನಿ ತೀರ ಸಣ್ಣದಾಯಿತು.

"ಕೊನೇದು... ಕೇಳಿಸ್ತಾ?"

"ಕೇಳಿಸ್ತು," ಎಂದಳು ಅವಳು. "ನಿಮ್ಮಪ್ಪಂಗೂ ಕೇಳಿಸಿರುತ್ತೆ."