ಕಣ್ಣಿಲ್ಲದ ಗಿಣಿ ತವರಿಗೆ ಹೋದದ್ದು

ನಾನು ಒಂದು ಮರದ ಗಿಣಿ. ಹುಟ್ಟಿದ್ದು ಗೊಂಬೆ ಮಾಡುವವರ ಸಣ್ಣ ಊರಿನಲ್ಲಿ, ಚಿತ್ರಗಾರ ಮೌನೇಶಪ್ಪನವರ ಕೈಯಲ್ಲಿ. ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಬಳಿದು, ಮಗಳ ಮದುವೆಗೆಂದೇ ನನ್ನನ್ನು ಮಾಡಿದರು. ಮಗಳು ಇಂದ್ರವ್ವ ಹಸಿರು ತುಂಬಿದಳು. ಆ ಮನೆಯಲ್ಲಿ ಹೆಂಗಸರು ಬಣ್ಣ ತುಂಬಬಹುದು, ಕಣ್ಣು ಬರೆಯುವುದು ಮಾತ್ರ ಹಿರಿಯ ಗಂಡಸೇ. ಅದೂ ಬಿಸಿಲಿನಲ್ಲಿ. ದೀಪ ಹಚ್ಚಿದ ಮೇಲೆ ಕುಂಚ ಮುಟ್ಟುವಂತಿಲ್ಲ.

ನನ್ನ ಗ್ರಹಚಾರಕ್ಕೆ ಅಂದು ಮೋಡ ಕವಿದು ಹಸಿರು ಒಣಗಲೇ ಇಲ್ಲ. ಇಂದ್ರವ್ವ ಮರುದಿನ ನಸುಕಿನ ಬಸ್ಸಿಗೇ ಗಂಡನ ಮನೆಗೆ ಹೊರಡಬೇಕಿತ್ತು.

"ಮುಂದಿನ ಸಲ ಬಂದಾಗ ಕಣ್ಣು ಬರೀತೀನಿ, ಹೋಗಿ ಬಾ ಯವ್ವಾ" ಎಂದರು ಮೌನೇಶಪ್ಪ.

ಹೀಗೆ ಕುರುಡಾಗಿಯೇ ದೂರದ ರೈಲ್ವೆ ಕಾಲೊನಿ ಸೇರಿದೆ. ಗಂಡನಿಗೆ ರಜೆ ಸಿಗಲಿಲ್ಲ, ಆಮೇಲೆ ಬಾಣಂತನವೂ ಅತ್ತೆಮನೆಯಲ್ಲೇ ಆಯಿತು, ಮತ್ತೆ ಬೇರೆ ಊರಿಗೆ ವರ್ಗ. ವರ್ಷಗಳೇ ಉರುಳಿದವು.

"ಕುರುಡ ಗಿಣಿ ಮನ್ಯಾಗ ಇಡಬಾರದು. ಬೋರ್ಡ್ ಬರಿಯಾಂವಗ ಕೊಡು, ಎರಡು ಚುಕ್ಕಿ ಇಡ್ತಾನ" ಎಂದು ಅತ್ತೆ ಗೊಣಗಿದರು.

"ಇದರ ಕಣ್ಣು ಅಪ್ಪನ ಕೈಯಾಗ ಐತ್ರಿ, ಅತ್ತಿ" ಎಂದಳು ಇಂದ್ರವ್ವ. ಆಗ ನನಗೆ ಕಣ್ಣಿದ್ದಿದ್ದರೆ ಅತ್ತುಬಿಡುತ್ತಿದ್ದೆ.

ಕೊನೆಗೊಮ್ಮೆ ಸೆರಗಿನಲ್ಲಿ ಸುತ್ತಿಕೊಂಡು ತವರಿಗೆ ಹೊರಟಳು. ಅಂಟಿನ ವಾಸನೆ ಮೂಗಿಗೆ ಬಡಿದಾಗಲೇ ಊರು ಬಂತೆಂದು ತಿಳಿಯಿತು. ಆದರೆ ಮೌನೇಶಪ್ಪ "ಬಿಸಿಲು ಸರಿಯಿಲ್ಲ" ಎನ್ನುತ್ತ ದಿನ ದೂಡತೊಡಗಿದರು. ಒಂದು ದಿನ ಅವರು ನನ್ನನ್ನು ಎತ್ತಿಕೊಂಡಾಗ ಕಾರಣ ತಿಳಿಯಿತು. ನನ್ನನ್ನು ಕೆತ್ತಿದ ಆ ಬೆರಳುಗಳು ನಡುಗುತ್ತಿದ್ದವು. ಪಕ್ಕದಲ್ಲಿದ್ದ ಇಂದ್ರವ್ವನೂ ಅದನ್ನು ನೋಡಿಬಿಟ್ಟಿರಬೇಕು.

"ನೀ ಕುಂಚ ಹಿಡಿ ಅಪ್ಪಾ. ನಾ ನಿನ್ನ ಮಣಿಕಟ್ಟು ಹಿಡೀತೀನಿ."

ಅಂಗಳದ ಬಿಸಿಲಲ್ಲಿ ಕೂತರು. ನನ್ನ ಬಲಗೆನ್ನೆಗೆ ತಣ್ಣಗೆ ಏನೋ ತಾಗಿತು. ಮರುಗಳಿಗೆ ಲೋಕವೆಲ್ಲ ನನ್ನೊಳಗೆ ನುಗ್ಗಿತು. ಗೋಡೆಯ ತುಂಬ ಆನೆ, ಕುದುರೆ, ಬಳ್ಳಿ. ಬಾಗಿಲಿಗೆ ಹೂವು, ನೀರಿನ ಹರವಿಗೂ ಹೂವು. ಸಾಲಾಗಿ ಒಣಗುತ್ತಿದ್ದ ನನ್ನ ಬಂಧುಬಳಗ. ನಾನು ದಂಗಾಗಿಹೋದೆ. ಇಷ್ಟೊಂದು ಚೆಲುವನ್ನು ಮಾಡಿದವರು ಒಬ್ಬ ನರಪೇತಲ ಮುದುಕ ಎಂಬುದನ್ನು ನಂಬಲು ಇನ್ನಷ್ಟು ಹೊತ್ತು ಬೇಕಾಯಿತು.

ಅವರು ನನ್ನನ್ನೇ ನೋಡುತ್ತಿದ್ದರು. ಅವರು ಬರೆದ ನನ್ನ ಕಣ್ಣು ತುಸು ಸೊಟ್ಟಗಾಗಿತ್ತು. ನನ್ನ ಎಡಗೆನ್ನೆ ಮೇಲೆ ಮಾಡಿ, ಕುಂಚವನ್ನು ಮಗಳತ್ತ ಚಾಚಿದರು.

"ಇದು ನೀ ಬರಿ."

"ನಮ್ಮ ಮನ್ಯಾಗ ಹೆಣ್ಮಕ್ಕಳು ಕಣ್ಣು ಬರಿಯಂಗಿಲ್ಲಲ್ಲಪ್ಪಾ."

"ಈ ಮನ್ಯಾಗ ಈಗ ಹಿರ್ಯಾ ನಾ. ನಾ ಹೇಳತೀನಿ, ಬರಿ."

ಇಂದ್ರವ್ವ ಉಸಿರು ಬಿಗಿಹಿಡಿದು ಬರೆದಳು. ಎಡಗಣ್ಣು ಅಚ್ಚುಕಟ್ಟಾಗಿ ಮೂಡಿತು. ಮೌನೇಶಪ್ಪ ನನ್ನನ್ನು ಬಿಸಿಲಿಗೆ ಹಿಡಿದು ನೋಡಿ, "ನನಗಿಂತ ಚಲೋ ಬರದಿ" ಎಂದರು.

ಈಗ ಮೌನೇಶಪ್ಪ ಇಲ್ಲ. ಅವರು ಬರೆದ ಕೊನೆಯ ಕಣ್ಣು ನನ್ನದೇ. ನನ್ನ ಕೊಕ್ಕು ಮುರಿದಿದೆ, ಹಸಿರು ಮಾಸಿದೆ. ಇಂದ್ರವ್ವನಿಗೂ ತಲೆ ನೆರೆತಿದೆ. ಅವಳು ಬರೆದ ಕಣ್ಣುಗಳು ಎಷ್ಟೋ ಮನೆಗಳಲ್ಲಿವೆ. ಕೆಲಸಕ್ಕೆ ಕೂರುವ ಮೊದಲು ಕಿಟಕಿಯ ಮೇಲಿರುವ ನನ್ನ ಧೂಳು ಒರೆಸುತ್ತಾಳೆ. ಒರೆಸಿದ ಮೇಲೆ ಆ ಸೊಟ್ಟ ಕಣ್ಣನ್ನೇ ತನ್ನ ಕಡೆಗೆ ತಿರುಗಿಸಿ ಇಡುತ್ತಾಳೆ.